ಒಂದು ಕಲಾಯಾತ್ರೆ: ನೋಡಿದ್ದೆಷ್ಟು, ಕೇಳಿದ್ದೆಷ್ಟು?

ಕಳೆದ ಚಳಿಗಾಲದ ಒಂದು ರವಿವಾರ ನಮ್ಮ ಸಂಘದ ಸದಸ್ಯ ಕುಟುಂಬಗಳಿಗಾಗಿ ‘ಕಲಾಯಾತ್ರೆ’ಯೊಂದನ್ನು ಏರ್ಪಡಿಸಲಾಗಿತ್ತು. ಬೆಳಗ್ಗೆ ಏಳಕ್ಕೆ ಮಾಟುಂಗಾದಿಂದ ಬಸ್ಸು, ಗೇಟ್‌ವೇಯಿಂದ ಲಾಂಚು, ಘಾರಾಪುರಿಯ ಅಂದರೆ ಎಲಿಫೆಂಟಾದ ಗುಹೆಗಳು, ಮರಳಿ ಬಂದು ಊಟ, ಅನಂತರ ಕಾಳಾಘೋಡಾ ಪರಿಸರದ ಮ್ಯೂಸಿಯಂ ಹಾಗೂ ಎರಡು ಚಿತ್ರಶಾಲೆಗಳು, ಸಂಜೆ ಏಳಕ್ಕೆ ಮತ್ತೆ ಮಾಟುಂಗಾ. ವಿವರಣೆಗೆ ಪ್ರವಾಸ ಸಂಸ್ಥೆಯೊಂದರಿಂದ ಗೈಡು ಮಹಾಶಯರನ್ನು ಗೊತ್ತುಮಾಡಿದ್ದರು. ಸುತ್ತೋಲೆಯಲ್ಲಿ ‘ಮುಂಬಯಿಯಲ್ಲಿ ಕರ್ನಾಟಕದ ಶಿಲ್ಪವೈಭವ’ ಎಂಬ ದಪ್ಪಕ್ಷರದ ಶಿರೋನಾಮೆಯೂ ಇತ್ತು. ನಾವೂ ಸಕುಟುಂಬ ಹೋಗಿ ಬಂದೆವು.

ಸಂಘದ ಕಾರ್ಯಕ್ರಮಗಳನ್ನು ಕುರಿತು ಈ ಪುಟಗಳಲ್ಲಿ ಬರುವುದು ಸಾಮಾನ್ಯವಾಗಿ ವರದಿ, ವಂದನಾರ್ಪಣೆ, ಒಂದು ಗುಂಪುಚಿತ್ರ. ನಾಟಕವಾದರೆ ವಿಮರ್ಶೆ ಬರೆಯುತ್ತೇವೆ, ಯಕ್ಷಗಾನವಾದರೆ ಭಾಗವತರ ಶ್ರುತಿ ಎಲ್ಲಿ ಜಾರಿತು ಎಂಬುದನ್ನೂ ಬಿಡುವುದಿಲ್ಲ. ಪ್ರವಾಸಕ್ಕೆ ಮಾತ್ರ ಏಕೆ ವಿನಾಯಿತಿ? ಇಡೀ ದಿನ ಮಕ್ಕಳಿಗೆ ಕಲೆಯನ್ನು ತೋರಿಸುತ್ತೇವೆಂದು ಕರೆದೊಯ್ದ ಮೇಲೆ ಏನನ್ನು ತೋರಿಸಿದೆವು, ಹೇಗೆ ತೋರಿಸಿದೆವು ಎಂದು ಕೇಳಿಕೊಳ್ಳಬೇಕಲ್ಲವೆ?

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಬಸ್ಸು ತುಂಬಿತ್ತು. ಮೂವತ್ತು ವರ್ಷಗಳಿಂದ ಈ ನಗರದಲ್ಲಿದ್ದು, ಕೋಟೆಯ ಆಫೀಸುಗಳಲ್ಲಿ ದುಡಿದು, ದಿನವೂ ಗೇಟ್‌ವೇಯಿಂದ ಕೂಗಳತೆಯ ದೂರದಲ್ಲಿ ಓಡಾಡಿ, ಒಮ್ಮೆಯೂ ಲಾಂಚು ಹತ್ತದವರು ಬಹಳ ಮಂದಿ ಇದ್ದರು. ರಜೆ ಸಿಕ್ಕರೆ ನಮಗೆ ಊರು. ಮುಂಬಯಿಯೆಂದರೆ ದುಡಿಯುವ ಜಾಗ, ನೋಡುವ ಜಾಗವಲ್ಲ ಎಂಬ ಹಳೆಯ ಲೆಕ್ಕ. ಆ ಲೆಕ್ಕ ಒಂದು ದಿನದ ಮಟ್ಟಿಗಾದರೂ ತಪ್ಪಿತು. ಏರ್ಪಡಿಸಿದವರಿಗೆ ಇದಕ್ಕಾಗಿ ಋಣಿಗಳು. ಇಡ್ಲಿ-ಚಟ್ನಿಯೂ ಚೆನ್ನಾಗಿತ್ತು.

ಲಾಂಚು ದಕ್ಕೆ ಬಿಟ್ಟು ದ್ವೀಪ ಮುಟ್ಟಲು ಸುಮಾರು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಗೈಡು ಮಹಾಶಯರು ದ್ವೀಪಕ್ಕೆ ಆನೆಯ ಹೆಸರು ಬಂದ ಕತೆ ಹೇಳಿದರು. ಇಲ್ಲಿದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಇಟ್ಟ ಹೆಸರು ಅದು. 1864ರಲ್ಲಿ ಆ ಆನೆಯನ್ನು ವಿಲಾಯತಿಗೆ ಸಾಗಿಸಲು ಹೋಗಿ, ಎತ್ತುವಾಗ ಕ್ರೇನು ಮುರಿದು, ಕಲ್ಲು ಚೂರುಚೂರಾಯಿತು. ಕಡೆಗೆ ಚೂರುಗಳನ್ನು ಜೋಡಿಸಿ ಭಾಯಖಳಾದ ಉದ್ಯಾನದಲ್ಲಿ ನಿಲ್ಲಿಸಿದರು. ಕತೆ ನಿಜ, ಹೇಳಿದ ರೀತಿಯೂ ಸೊಗಸು, ಮಕ್ಕಳು ಬಾಯಿ ಬಿಟ್ಟು ಕೇಳಿದರು. ದೋಷ ಆರಂಭವಾದದ್ದು ನೂರಿಪ್ಪತ್ತು ಮೆಟ್ಟಿಲು ಹತ್ತಿ ಗುಹೆಯ ಮುಂದೆ ನಿಂತ ಮೇಲೆ.

ಗುಹೆಗೆ ಮೂರು ದಿಕ್ಕಿನಿಂದ ಬೆಳಕು ಬರುತ್ತದೆ. ಈಗ ನಾವು ಹೋಗುವುದು ಉತ್ತರದ ಬಾಗಿಲಿನಿಂದ, ಹಾಗಾಗಿ ಎದುರಿಗೆ ಕಾಣುವುದು ಹದಿನೆಂಟು ಅಡಿಯಷ್ಟು ಎತ್ತರದ ಆ ಪ್ರಸಿದ್ಧ ಮುಖ. ಎಲ್ಲರೂ ಅಲ್ಲಿಗೇ ಧಾವಿಸುತ್ತಾರೆ. ಆದರೆ ಈ ಗುಹೆ ಮೂಲತಃ ಒಂದು ದೇವಾಲಯ. ನಾಲ್ಕು ಕಡೆ ಬಾಗಿಲುಗಳುಳ್ಳ, ಒಂದೊಂದು ಬಾಗಿಲಿಗೂ ಆಳೆತ್ತರವನ್ನು ಮೀರಿದ ದ್ವಾರಪಾಲಕರುಳ್ಳ ಲಿಂಗದ ಗರ್ಭಗೃಹ ಅದರೊಳಗಿದೆ. ಪೂರ್ವದ ಅಂಗಳದಿಂದ ಬಂದರೆ ಕಂಬಗಳ ಸಾಲಿನ ಕೊನೆಯಲ್ಲಿ ನೇರವಾಗಿ ಕಾಣುವುದು ಆ ಲಿಂಗ. ಕಟ್ಟಿದವರ ಮನಸ್ಸು ಯಾವ ದಾರಿಯಲ್ಲಿ ನಡೆಯಿತೋ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿದರೆ ಗುಹೆಯ ಗಾತ್ರವೇ ಬೇರೆಯಾಗಿ ತೋರುತ್ತದೆ. ಗೈಡು ಮಹಾಶಯರು ಗರ್ಭಗೃಹದ ಕಡೆ ಕೈ ತೋರಿಸಿ “ಶಿವಲಿಂಗ್” ಎಂದಷ್ಟೇ ಹೇಳಿ ಮುಂದೆ ಸಾಗಿದರು.

ದೊಡ್ಡ ಮುಖದ ಮುಂದೆ ನಿಂತು, “ತ್ರಿಮೂರ್ತಿ! ಬ್ರಹ್ಮಾ, ವಿಷ್ಣು, ಮಹೇಶ್” ಎಂದು ಮೂರು ಮುಖಗಳಿಗೂ ಒಂದೊಂದು ಹೆಸರು ಹಂಚಿದರು. ನಮ್ಮ ಗುಂಪಿನಲ್ಲಿ ಬಾಗಲಕೋಟೆ ಕಡೆಯ ಹಿರಿಯ ತಾಯಿಯೊಬ್ಬರಿದ್ದರು. ಮೊಣಕಾಲು ನೋವು, ಆದರೂ ಮೊಮ್ಮಗನ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಅವರು ಸ್ವಲ್ಪ ಹೊತ್ತು ನೋಡಿ, ಪಕ್ಕದಲ್ಲಿದ್ದ ನಮಗೆ ಮೆಲ್ಲನೆ ಹೇಳಿದರು: “ಇದರಾಗ ಬ್ರಹ್ಮ ಎಲ್ಲಿ ಅದಾನ್ರೀ? ಹಂಸ ಇಲ್ಲ, ಏನಿಲ್ಲ. ಮೂರೂ ನಮ್ಮ ಶಿವಂದ ಮಾರಿ ಅಲ್ಲೇನ್ರೀ?”

ವಿದ್ವಾಂಸರು ಗ್ರಂಥಗಳನ್ನು ತಿರುವಿ ಹೇಳಿದ್ದೂ ಇದೇ. ಇದು ಸದಾಶಿವ. ನಡುವೆ ತತ್ಪುರುಷನ ಶಾಂತ ಮುಖ. ನಮ್ಮ ಎಡಕ್ಕೆ ಅಘೋರ. ಮೀಸೆ, ಬಿರುಸು, ಕೈಯಲ್ಲಿ ಹಾವು. ನಮ್ಮ ಬಲಕ್ಕೆ ವಾಮದೇವ. ತಾವರೆ ಹಿಡಿದ, ಹೆಣ್ಣಿನ ಮುಖವೆಂದೇ ಹೇಳಬಹುದಾದ ಮುಖ. ನಾಲ್ಕನೆಯ ಸದ್ಯೋಜಾತ ಬಂಡೆಯ ಹಿಂದೆ ಉಳಿಯಿತು, ಐದನೆಯ ಈಶಾನ ಕಣ್ಣಿಗೆ ಕಾಣದ್ದು. ಈ ಐದು ಹೆಸರುಗಳು ನಮ್ಮ ವೀರಶೈವ ಮನೆಗಳಲ್ಲಿ, ಸ್ಮಾರ್ತರ ರುದ್ರಾಭಿಷೇಕದಲ್ಲಿ ಇಂದಿಗೂ ಕೇಳಿಬರುತ್ತವೆ. ಎಂದರೆ ಕನ್ನಡ ಮನೆಯ ಅಜ್ಜಿಗೆ ಗೊತ್ತಿದ್ದದ್ದು ಬಿಲ್ಲೆ ತೊಟ್ಟ ಗೈಡಿಗೆ ಗೊತ್ತಿರಲಿಲ್ಲ. ಆ ತಾಯಿಯ ಪ್ರಶ್ನೆಯನ್ನು ನಾವಾದರೂ ಹಿಂದಿಗೆ ತಿರುಗಿಸಿ ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಹಿಂದಿನಿಂದ ಮತ್ತೊಂದು ಗುಂಪು ನೂಕುತ್ತಿತ್ತು, ನಮ್ಮವರು ಆಗಲೇ ಫೋಟೋಕ್ಕೆ ಸಾಲುಗಟ್ಟಿದ್ದರು.

ಇನ್ನುಳಿದ ಫಲಕಗಳು ಹತ್ತು ನಿಮಿಷದಲ್ಲಿ ಮುಗಿದವು. ಕಲ್ಯಾಣಸುಂದರ ಫಲಕದಲ್ಲಿ ಪಾರ್ವತಿ ಶಿವನ ಬಲಕ್ಕೆ ನಿಂತಿದ್ದಾಳೆ, ಏಕೆಂದರೆ ಮದುವೆ ಇನ್ನೂ ಮುಗಿದಿಲ್ಲ. ಧಾರೆ ನೋಡಿದ ಯಾವ ಹೆಂಗಸಿಗೂ ಇದು ಒಂದೇ ಮಾತಿನಲ್ಲಿ ತಿಳಿಯುವ ಸಂಗತಿ. ಪಗಡೆಯಾಡುವ ಶಿವ-ಪಾರ್ವತಿ, ಕೈಲಾಸ ಎತ್ತುವ ರಾವಣ, ಎಲ್ಲವೂ ನಮಗೆ ತಾಳಮದ್ದಳೆಯಿಂದ, ಹರಿಕತೆಯಿಂದ ಪರಿಚಿತರಾದವರೇ. ಅವರನ್ನು ಗುರುತಿಸುವ ಸುಖವನ್ನು ಮಕ್ಕಳಿಗೆ ಬಿಟ್ಟುಕೊಡಬೇಕಿತ್ತು. “ಇವನು ಯಾರು ಹೇಳು?” ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ನಾವು ಕೇಳಿಸಿದ್ದು ಇಸವಿಗಳನ್ನು, ಅಡಿ-ಅಂಗುಲಗಳನ್ನು.

ಗೈಡನ್ನಷ್ಟೇ ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಮೂರು ಭಾಷೆಗಳಲ್ಲಿ ಗಂಟಲು ಹರಿದುಕೊಳ್ಳುವ ಆ ಮನುಷ್ಯನಿಗೆ ಜನ ಏನನ್ನು ಮೆಚ್ಚುತ್ತಾರೋ ಅದನ್ನೇ ಹೇಳುವುದು ಅಭ್ಯಾಸವಾಗಿದೆ. ಮರಳುವ ಲಾಂಚಿನಲ್ಲಿ ನಮ್ಮವರೇ ಒಬ್ಬರು ಎದ್ದು ಮಾಡಿದ ಭಾಷಣದ ಮುಂದೆ ಅವರ ತಪ್ಪು ಸಣ್ಣದು. “ಈ ಗುಹೆಗಳನ್ನು ಕೊರೆಸಿದವರು ನಮ್ಮ ಕನ್ನಡದ ದೊರೆಗಳು, ಮುಂಬಯಿ ಮೊದಲು ನಮ್ಮದೇ” ಎಂದರು. ಲಾಂಚು ಅಲುಗುವಷ್ಟು ಚಪ್ಪಾಳೆ. ನಾವೂ ತಟ್ಟಿದೆವು, ಸುಳ್ಳು ಹೇಳುವುದೇಕೆ!

ಮನೆಗೆ ಬಂದು ಪುಸ್ತಕ ತೆರೆದು ನೋಡಿದಾಗ ಕೈ ಸ್ವಲ್ಪ ತಣ್ಣಗಾಯಿತು. ಘಾರಾಪುರಿಯ ಗುಹೆಯಲ್ಲಿ ಕಟ್ಟಿಸಿದವರ ಶಾಸನವಿಲ್ಲ. ಇದ್ದ ಒಂದು ಶಾಸನದ ಕಲ್ಲನ್ನು ಪೋರ್ಚುಗೀಸರು ತಮ್ಮ ದೊರೆಗೆ ಕಳುಹಿಸಿದರೆಂದು ಅವರ ಚರಿತ್ರಕಾರನೇ ಬರೆದಿದ್ದಾನೆ. ಅದು ಮತ್ತೆ ಸಿಕ್ಕಲಿಲ್ಲ. ಹಿಂದಿನ ವಿದ್ವಾಂಸರಲ್ಲಿ ಕೆಲವರು ರಾಷ್ಟ್ರಕೂಟರೆಂದರು, ಕೆಲವರು ಬಾದಾಮಿಯ ಚಾಲುಕ್ಯರೆಂದರು. ಈಚಿನ ಹಲವು ವಿದ್ವಾಂಸರ ಒಲವು ಆರನೆಯ ಶತಮಾನದ ನಡುಭಾಗದ ಕಲಚುರಿಗಳ ಕಡೆಗೆ. ಆ ವಂಶದ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲೇ ಸಿಕ್ಕಿವೆ. (ಇವರು ಬಸವಣ್ಣನವರ ಕಾಲದ ಬಿಜ್ಜಳನ ಕಲಚುರಿಗಳಲ್ಲ, ಮಾಹಿಷ್ಮತಿಯ ಕಡೆಯವರು, ಅವರಿಗಿಂತ ಆರು ಶತಮಾನ ಹಿಂದಿನವರು.) ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಬರೆದಿರುವುದು ನಿಜ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವರು, ಅಲ್ಲ, ದಕ್ಷಿಣಕ್ಕಿರುವ ರಾಜಪುರಿ ಎಂದು ಕೆಲವರು. ಒಂದು ವೇಳೆ ಇದೇ ಎಂದುಕೊಂಡರೂ ಪುಲಕೇಶಿ ಬಂದದ್ದು ಗೆಲ್ಲಲು. ಹೊಸ ಮತ ಸರಿಯಾದರೆ, ಅವನು ಬರುವ ಹೊತ್ತಿಗೆ ಗುಹೆ ಕೊರೆದು ಅರ್ಧ ಶತಮಾನ ಕಳೆದಿತ್ತು.

ನಮಗೆ ಚಿಂತೆಯಾದದ್ದು ಇಲ್ಲಿ. ನಮ್ಮ ಮಕ್ಕಳು ಈ ನಗರದಲ್ಲಿ ಹುಟ್ಟಿದವರು, ಶಾಲೆಯಲ್ಲಿ ಮಹಾರಾಷ್ಟ್ರದ ಇತಿಹಾಸ ಓದಿದವರು. ಲಾಂಚಿನಲ್ಲಿ ಕೇಳಿದ ಮಾತನ್ನು ತರಗತಿಯಲ್ಲಿ ಹೇಳಿ ಟೀಚರಿನಿಂದ ತಿದ್ದಿಸಿಕೊಂಡು ಬಂದರೆ, ಅಪ್ಪ-ಅಮ್ಮ ಹೇಳುವ ಮಿಕ್ಕ ಕನ್ನಡದ ಮಾತನ್ನೂ ಅವರು ಅಷ್ಟಕ್ಕಷ್ಟೇ ಎಂದುಕೊಳ್ಳುತ್ತಾರೆ. ಊರಿನ ನಂಟನ್ನು ತೋರಿಸಲು ಸುಳ್ಳಿನ ಅಗತ್ಯವಿದ್ದಿದ್ದರೆ ಬೇರೆ ಮಾತು. ನಿಜವಾದದ್ದು ಅದೇ ದಿನ ಮಧ್ಯಾಹ್ನ ನಮ್ಮ ಮುಂದೆಯೇ ನಿಂತಿತ್ತು, ನಾವು ಹಾದುಹೋದೆವು.

ಊಟ ಮುಗಿಸಿ ಮ್ಯೂಸಿಯಂ ಸೇರುವಾಗ ಮೂರೂವರೆ. ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು, 1922ರಲ್ಲಿ ಬಾಗಿಲು ತೆರೆಯಿತು. ಗೇಟ್‌ವೇಯನ್ನು ಕಟ್ಟಿದ ವಿಟ್ಟೆಟ್ ಸಾಹೇಬನೇ ಇದಕ್ಕೂ ವಾಸ್ತುಶಿಲ್ಪಿ. ನಲವತ್ತು ನಿಮಿಷ ಸಮಯವೆಂದು ಹೇಳಿ ಗೈಡು ಮಹಾಶಯರು ಗುಂಪನ್ನು ನೇರವಾಗಿ ಮಹಡಿಗೆ ಹತ್ತಿಸಿದರು. ಅಕ್ಬರನ ಕವಚ, ಕತ್ತಿ-ಗುರಾಣಿಗಳನ್ನು ತೋರಿಸಲು. ಹುಡುಗರಿಗೆ ಅದು ಇಷ್ಟವೆಂಬುದು ಅವರ ಅನುಭವ. ಬಾಗಲಕೋಟೆಯ ತಾಯಿ ಮತ್ತೆ ಮೆಟ್ಟಿಲು ಬೇಡವೆಂದು ಮೊಮ್ಮಗನೊಡನೆ ಕೆಳಗೇ ಉಳಿದರು. ನಾವು ಇಳಿದು ಬಂದಾಗ ಅವರು ಶಿಲ್ಪಗಳ ಕೋಣೆಯಲ್ಲಿ ಒಂದು ದೊಡ್ಡ ಕಲ್ಲಿನ ಮುಂದೆ ನಿಂತಿದ್ದರು.

“ಇಲ್ಲಿ ಅದಾನ ನೋಡ್ರಿ ಬ್ರಹ್ಮ, ಹಂಸದ ಜೋಡಿ” ಎಂದರು. ಮೊಮ್ಮಗ ಫಲಕ ಓದಿ, “ದಾದಿ, ಯೇ ಐಹೊಳೆ ಕಹಾಂ ಹೈ?” ಎಂದು ಕೇಳಿದ. ಆ ತಾಯಿ ಒಂದು ಕ್ಷಣ ಮಾತಾಡಲಿಲ್ಲ. “ನಮ್ಮೂರಿಂದ ಬಸ್ಸಿನ್ಯಾಗ ಹೋಗಿ ಬರಬಹುದಪ್ಪ” ಎಂದರು.

ಆ ಕಲ್ಲು, ಅದರ ಜೊತೆಯ ವಿಷ್ಣುವಿನ ಕಲ್ಲು, ಶಿವನ ಕಲ್ಲು, ಮೂರೂ ಐಹೊಳೆಯ ಹುಚ್ಚಪ್ಪಯ್ಯ ಗುಡಿಯಿಂದ ಬಂದವು. ಚಾಲುಕ್ಯರ ಕಾಲದ, ಏಳನೆಯ ಶತಮಾನದ ಕೆಲಸ. ಇಲ್ಲಿಗೆ ಹೇಗೆ ಬಂದವೆಂದು ಆಶ್ಚರ್ಯಪಡಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಎಲ್ಲವೂ ಮುಂಬಯಿ ಸರಕಾರದ ಕೈಕೆಳಗೇ ಇದ್ದವು. ಕಾಗದ ಇಲ್ಲಿಗೆ ಬರುತ್ತಿತ್ತು, ಕಂದಾಯ ಇಲ್ಲಿಗೆ ಬರುತ್ತಿತ್ತು, ಹೊಟ್ಟೆಪಾಡಿಗೆ ನಮ್ಮ ಹಿರಿಯರು ಇಲ್ಲಿಗೆ ಬಂದರು, ಕಲ್ಲುಗಳೂ ಬಂದವು. ಕತೆ ಇಷ್ಟೇ. ಆದರೆ ‘ಮುಂಬಯಿ ಮೊದಲು ನಮ್ಮದೇ’ ಎಂಬ ಮಾತಿಗಿಂತ ಇದು ನಮ್ಮ ಮಕ್ಕಳಿಗೆ ಹೆಚ್ಚು ಅರ್ಥವಾಗುತ್ತದೆ, ಏಕೆಂದರೆ ಇದು ಅವರ ಮನೆಯದೇ ಕತೆ.

ಇನ್ನೊಂದು ಸಂಗತಿ. ಈ ಮೂರೂ ಗೋಡೆಯ ಶಿಲ್ಪಗಳಲ್ಲ, ಗುಡಿಯ ಚಾವಣಿಯ ಚಪ್ಪಡಿಗಳು. ಕತ್ತಲೆಯ ಮಂಟಪದಲ್ಲಿ ನಿಂತು ಕತ್ತು ಹಿಂದಕ್ಕೆ ಚೆಲ್ಲಿ ತಲೆಯ ಮೇಲೆ ನೋಡಬೇಕೆಂದು ಶಿಲ್ಪಿ ಅವನ್ನು ಕೊರೆದ. ಮ್ಯೂಸಿಯಂನಲ್ಲಿ ಅವು ನೆಟ್ಟಗೆ ನಿಂತು ನಮ್ಮನ್ನು ಕಣ್ಣಿಗೆ ಕಣ್ಣಿಟ್ಟು ನೋಡುತ್ತವೆ. ಬ್ರಹ್ಮನ ಸುತ್ತಲಿನ ಋಷಿಗಳನ್ನು ಇಷ್ಟು ಹತ್ತಿರದಿಂದ ಐಹೊಳೆಯವರು ಕೂಡ ಎಂದೂ ನೋಡಿರಲಾರರು. ಆದರೆ ಮೇಲಿನಿಂದ ದೇವರು ಬಾಗಿ ನೋಡುತ್ತಾನೆಂಬ ಭಾವ ಇಲ್ಲಿ ಕಳೆದುಹೋಗಿದೆ. ಲಾಭವೆಷ್ಟು, ನಷ್ಟವೆಷ್ಟು? ಇದನ್ನು ಮಕ್ಕಳಿಂದಲೇ ಕೇಳಿ ಉತ್ತರ ಪಡೆಯಬೇಕಾಗಿತ್ತು. ಸೀಟಿ ಊದಿತು, ಬಸ್ಸಿಗೆ ಓಡಿದೆವು.

ಚಿತ್ರಶಾಲೆಗಳ ಬಗೆಗೆ ಹೆಚ್ಚು ಬರೆಯಲು ನಾಚಿಕೆಯಾಗುತ್ತದೆ. ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ (1952ರಲ್ಲಿ ಆರಂಭವಾದದ್ದು) ನಮ್ಮವರು ಅರ್ಧಕ್ಕರ್ಧ ಚಹಾ ಹುಡುಕಿ ಹೋದರು. ಎದುರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಾಲು ಗಂಟೆ. “ಮಾಡರ್ನ್ ಆರ್ಟ್” ಎಂದರು ಗೈಡು, ಅಷ್ಟಕ್ಕೆ ಎಲ್ಲರೂ ಮುಗುಳ್ನಕ್ಕರು. ಆ ಕಟ್ಟಡ 1911ರ ಕಾವಸ್‌ಜಿ ಜಹಾಂಗೀರ್ ಹಾಲ್; ಕಲಾ ಸಂಗ್ರಹಾಲಯವಾದದ್ದು 1996ರಲ್ಲಿ. ಈ ಎರಡು ಇಸವಿಗಳನ್ನು ಕೇಳಿ ನಮಗೆ ಒಬ್ಬರು ನೆನಪಾದರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರು. ಕಾಕತಾಳೀಯ, ನಿಜ. ಆದರೆ ಮಾರ್ಗದರ್ಶನಕ್ಕೆ ಇಂಥ ಒಂದು ಗೂಟ ಸಾಕಲ್ಲವೆ, ಅದಕ್ಕೆ ಬೇಕಾದಷ್ಟನ್ನು ತೂಗುಹಾಕಬಹುದು.

ಹೆಬ್ಬಾರರು ನಮ್ಮಂತೆಯೇ ಊರು ಬಿಟ್ಟು ಬಂದವರು. ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಕಲಿಸಿ, ಪ್ಯಾರಿಸ್ಸಿಗೆ ಹೋಗಿ ಬಂದು, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದರು. ಲಯವೆಂದರೇನೆಂದು ತಿಳಿಯಲು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಕುಣಿಯುವ ಕಾಲನ್ನು ಅವರು ಒಂದೇ ಎಳೆತದಲ್ಲಿ ಬರೆಯುತ್ತಿದ್ದರು. ಆ ರೇಖಾಚಿತ್ರಗಳನ್ನು ‘ಹಾಡುವ ರೇಖೆ’ ಎಂದೇ ಜನ ಗುರುತಿಸುತ್ತಾರೆ. ಆ ರೇಖೆಯ ಹಿಂದೆ ಕರಾವಳಿಯ ಗದ್ದೆ, ಕೋಳಿ ಅಂಕ, ರಾತ್ರಿಯಾಟದ ಹೆಜ್ಜೆ ಇವೆ. ಕಲಾ ಸಂಗ್ರಹಾಲಯದ ಗೋಡೆಯ ಮೇಲೆ ಯಾವ ದಿನ ಯಾರ ಚಿತ್ರವಿರುತ್ತದೆಂದು ಹೇಳಲಾಗದು, ಪ್ರದರ್ಶನಗಳು ಬದಲಾಗುತ್ತವೆ. ಆದರೂ ಆ ಬಾಗಿಲಲ್ಲಿ ನಿಂತು ಹೆಬ್ಬಾರರ ಹೆಸರನ್ನು ನಮ್ಮ ಇಡೀ ಗುಂಪಿನಲ್ಲಿ ಒಬ್ಬರೂ ಎತ್ತಲಿಲ್ಲವೆಂದರೆ, ಬಸ್ಸಿನ ಮುಂದೆ ಕಟ್ಟಿದ್ದ ಕನ್ನಡ ಬಾವುಟ ಯಾರಿಗಾಗಿ?

ಗುಲಬರ್ಗಾದ ಎಸ್.ಎಂ. ಪಂಡಿತರ ಮಾತೂ ಹಾಗೆಯೇ. 1916ರಲ್ಲಿ ಹುಟ್ಟಿ, ಈ ನಗರದಲ್ಲಿ ಸ್ಟುಡಿಯೋ ಇಟ್ಟು, ಸಿನೆಮಾ ಪೋಸ್ಟರು, ಕ್ಯಾಲೆಂಡರುಗಳ ದೇವರು-ದೇವತೆಗಳನ್ನು ಬರೆದವರು. ಚಾಳಿನ ಎಷ್ಟು ಖೋಲಿಗಳ ಗೋಡೆಯ ಮೇಲೆ ಅವರ ಶಿವ-ಪಾರ್ವತಿಯರು ತೂಗಿದ್ದರೋ! ಪಂಡಿತರ ಶಿವನ ಮೈಕಟ್ಟಿಗೂ ಘಾರಾಪುರಿಯ ಶಿವನ ಮೈಕಟ್ಟಿಗೂ ಎಷ್ಟು ದೂರ, ಎಷ್ಟು ಹತ್ತಿರ? ಒಂದು ಹಳೆಯ ಕ್ಯಾಲೆಂಡರನ್ನು ಬಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದರೂ ಚರ್ಚೆಗೆ ಬೇಕಾದಷ್ಟಾಗುತ್ತಿತ್ತು. ಮೀಸೆ, ಹಾವು, ಜಟೆಗಳನ್ನು ಮಕ್ಕಳೇ ಹೋಲಿಸಿ ಹೇಳುತ್ತಿದ್ದರು.

ಯಾತ್ರೆಯ ಪಟ್ಟಿಯಲ್ಲಿ ಇರಬೇಕಾಗಿದ್ದು ಇರದೆಹೋದ ಸ್ಥಳವೆಂದರೆ ಕಾನ್ಹೇರಿ. ಕನ್ನಡದ ನಂಟನ್ನೇ ಹುಡುಕುವುದಾದರೆ ಲಾಂಚು ಹತ್ತುವ ಬದಲು ಬೋರಿವಲಿಗೆ ಲೋಕಲ್ ಹತ್ತಬೇಕಿತ್ತು. ಆ ಗುಡ್ಡದ ನೂರಕ್ಕೂ ಹೆಚ್ಚಿನ ಬೌದ್ಧ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಿಲಾಹಾರರ ಶಾಸನಗಳಿವೆ. ಕೊಂಕಣದ ಈ ಶಿಲಾಹಾರರಿಗೆ ಮೇಲೊಡೆಯ ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷ, ನಮ್ಮ ‘ಕವಿರಾಜಮಾರ್ಗ’ ಯಾರ ಹೆಸರಿಗೆ ಹತ್ತಿಕೊಂಡಿದೆಯೋ ಅದೇ ನೃಪತುಂಗ. ಅವನ ಹೆಸರು ಆ ಕಲ್ಲುಗಳಲ್ಲಿದೆ. ಕನ್ನಡದಲ್ಲಲ್ಲ, ಸಂಸ್ಕೃತದಲ್ಲಿ. ಕನ್ನಡ ಅಕ್ಷರ ಹುಡುಕಿಕೊಂಡು ಹೋಗಿ ನಿರಾಶರಾಗಬೇಡಿ. ಇನ್ನೂ ಸ್ವಾರಸ್ಯದ ಮಾತೆಂದರೆ, ಅವುಗಳಲ್ಲೊಂದು ಹೇಳುವುದು ಗೌಡದೇಶದಿಂದ, ಎಂದರೆ ಬಂಗಾಲದಿಂದ, ಬಂದ ಅವಿಘ್ನಾಕರನೆಂಬ ಬೌದ್ಧನ ಸಂಗತಿ. ಅವನು ಭಿಕ್ಷುಗಳಿಗೆ ಧ್ಯಾನದ ಕೋಣೆ ಮಾಡಿಸಿ, ನೂರು ದ್ರಮ್ಮಗಳನ್ನು ದತ್ತಿಯಿಟ್ಟ. ದೊರೆ ಕನ್ನಡನಾಡಿನವನು, ಮಾಂಡಲಿಕ ಕೊಂಕಣದವನು, ದಾನಿ ಬಂಗಾಲದಿಂದ ವಲಸೆ ಬಂದವನು. ಸಾವಿರದ ನೂರು ವರ್ಷಗಳ ಹಿಂದೆಯೇ ಈ ಪ್ರದೇಶ ನಮ್ಮ ಚಾಳಿನ ಹಾಗೆ ಇತ್ತು!

ಒಂದು ದಿನದಲ್ಲಿ ನಾಲ್ಕು ಸ್ಥಳವೆಂಬ ಹಟವನ್ನು ಸಂಘ ಬಿಡಬೇಕು. ಘಾರಾಪುರಿಗೇ ಒಂದಿಡೀ ದಿನ ಬೇಕು. ಸೋಮವಾರ ಗುಹೆಗೆ ರಜೆ ಎಂಬುದನ್ನು ನೆನಪಿಟ್ಟರೆ ಸಾಕು, ಉಳಿದದ್ದಕ್ಕೆ ಪ್ರವಾಸ ಸಂಸ್ಥೆಯ ಹಂಗೇನೂ ಬೇಡ. ವಿವರಿಸಲು ನಮ್ಮಲ್ಲೇ ಜನ ಇದ್ದಾರೆ; ಪುರಾಣ ಬಲ್ಲ ಅಜ್ಜಿಯರು, ಮರಾಠಿ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು, ಜೆ.ಜೆ.ಯಲ್ಲಿ ಕಲಿಯುತ್ತಿರುವ ಹುಡುಗಿಯರು. ಅವರು ಮುಂಚಿತವಾಗಿ ಒಮ್ಮೆ ಹೋಗಿ ನೋಡಿ ಬಂದು, ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಹೇಳಲಿ. ಸುತ್ತೋಲೆಯ ಶಿರೋನಾಮೆಯಲ್ಲಿ ‘ವೈಭವ’ ಶಬ್ದಕ್ಕೆ ಸ್ವಲ್ಪ ಕಾಲ ವಿಶ್ರಾಂತಿ ಕೊಡೋಣ.

ಪ್ರವಾಸವಾದ ಎರಡು ವಾರಕ್ಕೆ ನಾವು ನಾಲ್ಕು ಮನೆಯವರು ಮಾತಾಡಿಕೊಂಡು ಮತ್ತೆ ಮ್ಯೂಸಿಯಂಗೆ ಹೋದೆವು. ಆ ತಾಯಿಯನ್ನೂ ಕರೆದುಕೊಂಡು ಹೋಗಿದ್ದೆವು. ಮಹಡಿ ಹತ್ತಲಿಲ್ಲ. ಐಹೊಳೆಯ ಕಲ್ಲುಗಳ ಮುಂದೆಯೇ ಒಂದು ಗಂಟೆ ಕಳೆಯಿತು. ಮಕ್ಕಳು ಮೊದಲು ಬೇಸರಪಟ್ಟರು, ಆಮೇಲೆ ಋಷಿಗಳನ್ನು ಎಣಿಸತೊಡಗಿದರು, ಲೆಕ್ಕ ಒಬ್ಬೊಬ್ಬರದು ಒಂದೊಂದಾಗಿ ಜಗಳವೂ ಆಯಿತು. ಮುಂದಿನ ತಿಂಗಳ ಮೊದಲ ರವಿವಾರ ಅಂಬರನಾಥಕ್ಕೆ ಹೋಗುವ ವಿಚಾರವಿದೆ. ಅಲ್ಲಿಯ ಶಿವಾಲಯ ಅದೇ ಶಿಲಾಹಾರರದು, ಶಾಸನದ ಕಾಲ ಶಕ 982, ಎಂದರೆ ಕ್ರಿ.ಶ. 1060. ದಾದರಿನಿಂದ ಸ್ಲೋ ಗಾಡಿ, ಬುತ್ತಿ ಅವರವರದು. ಬರುವವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು.